ಕಷಾಯದ ಕೆತ್ತೆಯಿಂದ ಪೆಟ್ರಿ ತಟ್ಟೆಯವರೆಗೆ: ಔಷಧೀಯ ಸಸ್ಯಸಾರಗಳನ್ನು ಪರೀಕ್ಷಿಸುವ ಕ್ರಮ

ಆಟಿ ಅಮಾವಾಸ್ಯೆಯ ಮುಂಜಾನೆ ಬೆಳಕು ಹರಿಯುವ ಮುನ್ನ ಪಾಲೆ ಮರದ ಕೆತ್ತೆಯನ್ನು, ಅಂದರೆ ತೊಗಟೆಯನ್ನು, ಕಲ್ಲಿನಿಂದ ಜಜ್ಜಿ ತೆಗೆದು, ಕರಿಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಕಷಾಯ ಮಾಡಿ ಬರಿಹೊಟ್ಟೆಗೆ ಕುಡಿಯುವ ರೂಢಿ ಮಂಜೇಶ್ವರದಿಂದ ಬದಿಯಡ್ಕ, ಮುಳ್ಳೇರಿಯದವರೆಗೆ ಇಂದಿಗೂ ಇದೆ. ಕತ್ತಲಲ್ಲಿ ಪಾಲೆಯೆಂದು ಕಾಸರಕದ ಕೆತ್ತೆಯನ್ನು ತಂದೀರಿ ಎಂದು ಹಿರಿಯರು ಎಚ್ಚರಿಸುವುದೂ ಇದೆ. ಆ ಎಚ್ಚರಿಕೆಗೆ ಕಾರಣವೂ ಇದೆ. ಕಾಸರಕದಲ್ಲಿ ಸ್ಟ್ರಿಕ್ನೈನ್ ಮತ್ತು ಬ್ರೂಸಿನ್ ಎಂಬ ವಿಷಗಳಿವೆ. ನಮ್ಮ ಕಾಸರಗೋಡು ಜಿಲ್ಲೆಗೆ ಆ ಮರದಿಂದಲೇ ಹೆಸರು ಬಂತೆಂದು ಹೇಳುವವರಿದ್ದಾರೆ, ಎಂದರೆ ಮರ ಇಲ್ಲಿ ಅಪರೂಪದ್ದಲ್ಲ. ಪ್ರಯೋಗಶಾಲೆಯಲ್ಲಿ ಈ ಎರಡು ಕೆತ್ತೆಗಳ ಸಾರಕ್ಕೂ ಆಲ್ಕಲಾಯ್ಡ್ ಎಂಬ ಸಾರಜನಕಯುಕ್ತ ಸಸ್ಯಘಟಕಗಳನ್ನು ಪತ್ತೆಹಚ್ಚುವ ಡ್ರಾಗೆಂಡಾರ್ಫ್ ದ್ರಾವಣವನ್ನು ಹಾಕಿದರೆ ಎರಡರಲ್ಲೂ ಕಿತ್ತಳೆಗೆಂಪು ಒತ್ತರ, ಅಂದರೆ ಕರಗದೆ ತಳಕ್ಕಿಳಿಯುವ ಗಸಿ, ಬೀಳುತ್ತದೆ. ಪರೀಕ್ಷೆ ಸುಳ್ಳು ಹೇಳಿದ್ದಲ್ಲ; ಆಲ್ಕಲಾಯ್ಡ್ ಇದೆ ಎಂದಷ್ಟೇ ಹೇಳಿತು. ಯಾವ ಆಲ್ಕಲಾಯ್ಡ್, ಯಾವ ಮರದ್ದು ಎಂದು ಅದನ್ನು ಯಾರೂ ಕೇಳಿರಲಿಲ್ಲ.

ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ ಸಸ್ಯಸಾರದ ಕಿರುಯೋಜನೆ ಕೈಗೊಳ್ಳುವ ವಿದ್ಯಾರ್ಥಿಗಳಿಗಾಗಿ ಈ ಕ್ರಮವನ್ನು ಬರೆದಿದ್ದೇನೆ. ಹಂತಗಳು ಅನೇಕ, ಆದರೆ ಎಲ್ಲ ಹಂತಗಳಿಗೂ ಅನ್ವಯಿಸುವ ನಿಯಮ ಒಂದೇ: ನಿಮ್ಮ ಫಲಿತಾಂಶ ತಪ್ಪಾಗಿದ್ದರೆ ಅದನ್ನು ತೋರಿಸಿಕೊಡುವ ಇನ್ನೊಂದು ನಳಿಕೆಯೋ ತಟ್ಟೆಯೋ ಪಕ್ಕದಲ್ಲಿ ಇರಲೇಬೇಕು. ಬ್ಯಾಕ್ಟೀರಿಯಾ ಬೆಳೆಸುವ ಭಾಗವನ್ನು ಜೈವಿಕ ಸುರಕ್ಷತಾ ಕ್ಯಾಬಿನೆಟ್ ಮತ್ತು ಆಟೋಕ್ಲೇವ್ ಇರುವ ಪ್ರಯೋಗಶಾಲೆಯಲ್ಲಿ, ಮಾರ್ಗದರ್ಶಕರ ಎದುರಿನಲ್ಲಿ ಮಾತ್ರ ಮಾಡಬೇಕು. ಮನೆಯ ಅಡುಗೆಕೋಣೆ ಅದಕ್ಕೆ ಜಾಗವಲ್ಲ.

ಗಿಡದ ಗುರುತು ಮೊದಲು

ಊರಿನ ಹೆಸರನ್ನು ನಂಬಿ ಗಿಡ ತರಬೇಡಿ. ಊರಿನ ಹೆಸರನ್ನು ಬರೆಯದೆಯೂ ತರಬೇಡಿ. ನಾವು ಕಿರಾತಕಡ್ಡಿ ಎನ್ನುವುದನ್ನು ಘಟ್ಟದ ಮೇಲಿನವರು ನೆಲಬೇವು ಎನ್ನುತ್ತಾರೆ, ಸಸ್ಯಶಾಸ್ತ್ರದಲ್ಲಿ ಅದು ಆಂಡ್ರೋಗ್ರಾಫಿಸ್ ಪ್ಯಾನಿಕುಲಾಟಾ. ನೆಲನೆಲ್ಲಿಯೆಂದು ಕಿತ್ತು ತಂದ ಒಂದು ಹಿಡಿಯಲ್ಲಿ ಫಿಲಾಂತಸ್ ಕುಲದ ಎರಡು ಮೂರು ಬೇರೆ ಬೇರೆ ಜಾತಿಗಳು ಸೇರಿರುವುದು ಸಾಮಾನ್ಯ. ಆದ್ದರಿಂದ ಹೂವು ಅಥವಾ ಕಾಯಿ ಇರುವ ಕೊಂಬೆಯೊಂದನ್ನು ಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಿ, ಸಂಗ್ರಹದ ದಿನಾಂಕ, ಸ್ಥಳ, ಎತ್ತರ, ಮಣ್ಣಿನ ಬಗೆ, ಸ್ಥಳೀಯ ಹೆಸರು ಮತ್ತು ಸಂಗ್ರಹಿಸಿದವರ ಹೆಸರನ್ನು ಚೀಟಿಯಲ್ಲಿ ಬರೆದು, ಸಸ್ಯಶಾಸ್ತ್ರ ವಿಭಾಗದ ಹರ್ಬೇರಿಯಂಗೆ (ಒಣಸಸ್ಯಗಳ ಸಂಗ್ರಹಕ್ಕೆ) ಒಪ್ಪಿಸಿ ಅದರ ಸಂಖ್ಯೆಯನ್ನು ಪಡೆಯಬೇಕು. ಈ ಸಂಖ್ಯೆ ಇಲ್ಲದ ವರದಿಯಲ್ಲಿ ಮುಂದಿನ ಎಲ್ಲ ಅಂಕಿಗಳೂ ಅನಾಥ.

ಪಾಲೆಯನ್ನೂ ಕಾಸರಕವನ್ನೂ ಕೆತ್ತೆಯಿಂದ ಬೇರ್ಪಡಿಸಲು ಹೊರಟರೆ ಕಷ್ಟ; ಎಲೆಯಿಂದಾದರೆ ಸುಲಭ. ಪಾಲೆಯಲ್ಲಿ, ಅಂದರೆ ಆಲ್‌ಸ್ಟೋನಿಯಾ ಸ್ಕೊಲಾರಿಸ್‌ನಲ್ಲಿ, ಒಂದೇ ಗಿಣ್ಣಿನಿಂದ ಐದಾರು ಎಲೆಗಳು ಸುತ್ತಲೂ ಹರಡಿರುತ್ತವೆ, ಗೀರಿದರೆ ಬಿಳಿ ಹಾಲು ಸುರಿಯುತ್ತದೆ. ಕಾಸರಕದಲ್ಲಿ ಎಲೆಗಳು ಎದುರುಬದುರಾಗಿ ಎರಡೆರಡೇ ಇರುತ್ತವೆ, ಬುಡದಿಂದಲೇ ಮೂರರಿಂದ ಐದು ನರಗಳು ಏಳುತ್ತವೆ, ಹಾಲು ಇರುವುದಿಲ್ಲ. ಹಗಲು ಹೊತ್ತಿನಲ್ಲಿ, ಮರವನ್ನು ತಲೆಯೆತ್ತಿ ನೋಡಿ ಸಂಗ್ರಹಿಸಿದರೆ ಸಂಶಯಕ್ಕೆ ಎಡೆಯಿಲ್ಲ. ಕೆತ್ತೆಯನ್ನು ಕಾಂಡದ ಸುತ್ತ ಉಂಗುರದಂತೆ ತೆಗೆದರೆ ಮರ ಸಾಯುತ್ತದೆ. ಒಂದು ಬದಿಯಿಂದ ಉದ್ದನೆಯ ಸಣ್ಣ ಪಟ್ಟಿಯನ್ನು ಮಾತ್ರ ತೆಗೆಯಬೇಕು.

ಸಂಗ್ರಹದ ಜಾಗವೂ ಮುಖ್ಯ. ಎಣ್ಮಕಜೆ ಮೊದಲಾದ ಪಂಚಾಯತುಗಳ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಈ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ಕೀಟನಾಶಕ, ಬೋರ್ಡೋ ದ್ರಾವಣ ಅಥವಾ ಕಳೆನಾಶಕ ಬೀಳುವ ಕಡೆಯ ಎಲೆಯಲ್ಲಿ ಕಾಣುವ ಸೂಕ್ಷ್ಮಜೀವಿ ನಿರೋಧಕ ಗುಣ ಗಿಡದ್ದೋ ಸಿಂಪಡಣೆಯದ್ದೋ ಎಂದು ಆಮೇಲೆ ಹೇಳಲಾಗದು. ಮಳೆಗಾಲದ ಮೊದಲು ಅಡಿಕೆ ಗೊನೆಗಳಿಗೆ ಬೋರ್ಡೋ ಹೊಡೆಯುತ್ತಾರೆ, ಅದರಲ್ಲಿ ಮೈಲುತುತ್ತು ಇರುತ್ತದೆ, ತಾಮ್ರವು ಬ್ಯಾಕ್ಟೀರಿಯಾವನ್ನೂ ಶಿಲೀಂಧ್ರವನ್ನೂ ಕೊಲ್ಲುತ್ತದೆ. ಹಾಗಾಗಿ ಅಡಿಕೆ ಬುಡದ ಒಂದೆಲಗವನ್ನು ಪ್ರಯೋಗಕ್ಕೆ ತರಬೇಡಿ. ಪಂಚಾಯತಿನ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಮೊದಲೇ ಒಂದು ಪತ್ರ ಕೊಡುವುದು ಒಳ್ಳೆಯದು, ಏಕೆಂದರೆ 2002ರ ಜೀವವೈವಿಧ್ಯ ಕಾಯ್ದೆಯಡಿ ಅಂಥ ಸಮಿತಿಗಳು ರಚನೆಯಾಗಿವೆ.

ಒಣಗಿಸುವ ಕಷ್ಟ

ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ನೆರಳಲ್ಲಿ ಒಣಗಿಸಿ ಎನ್ನುವ ಪುಸ್ತಕದ ಮಾತು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಡೆಯುವುದಿಲ್ಲ. ನಾನು ವಿದ್ಯಾರ್ಥಿಯಾಗಿದ್ದಾಗ ಜುಲೈಯಲ್ಲಿ ತಂದ ಕಿರಾತಕಡ್ಡಿಯನ್ನು ಕೋಣೆಯಲ್ಲಿ ಹರಡಿಟ್ಟು ಹತ್ತು ದಿನ ಕಾದೆ. ಎಲೆಯ ಅಡಿಯಲ್ಲಿ ಬೂದು ಬೂಷ್ಟು ಹಿಡಿದಿತ್ತು, ಆದರೂ ಪುಡಿ ಮಾಡಿ ಸಾರ ತೆಗೆದು, ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದ ವಲಯಗಳನ್ನು ಅಳೆದೆ. ಶಿಲೀಂಧ್ರಗಳೇ ಪ್ರತಿಜೈವಿಕಗಳನ್ನು ಸ್ರವಿಸುತ್ತವೆ ಎಂಬುದು ಪೆನಿಸಿಲಿನ್ ಕಥೆ ಓದಿದ ಯಾರಿಗೂ ಗೊತ್ತು. ನನಗೆ ಮಾತ್ರ ಆಗ ಹೊಳೆಯಲಿಲ್ಲ. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವುದೂ ಬೇಡ: ಹೊಗೆಯಲ್ಲಿ ಫೀನಾಲುಗಳಿರುತ್ತವೆ, ಅವು ಎಲೆಗೆ ಅಂಟಿಕೊಂಡು ಫೀನಾಲ್ ಪರೀಕ್ಷೆಯನ್ನೂ ಸೂಕ್ಷ್ಮಜೀವಿ ಪರೀಕ್ಷೆಯನ್ನೂ ಕೆಡಿಸುತ್ತವೆ. ಗಾಳಿಯಾಡುವ ಒವನ್‌ನಲ್ಲಿ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು, ಎರಡು ದಿನಗಳ ತೂಕದಲ್ಲಿ ವ್ಯತ್ಯಾಸ ಕಾಣದಷ್ಟು ಒಣಗಿದ ಮೇಲೆ ಪುಡಿ ಮಾಡಿ, ಒಂದೇ ಕಣ್ಣಿನ ಜರಡಿ ಹಿಡಿದು, ಗಾಳಿಯಾಡದ ಕಂದು ಬಾಟಲಿಯಲ್ಲಿ ತುಂಬಿಡಬೇಕು. ಮಿಕ್ಸಿಯನ್ನು ನಿರಂತರ ಓಡಿಸಿದರೆ ಪುಡಿ ಬಿಸಿಯಾಗುತ್ತದೆ. ಬಿಟ್ಟು ಬಿಟ್ಟು ಓಡಿಸಿ.

ಸಾರ ತೆಗೆಯುವುದು

ಪಾಲಿನ ಲೆಕ್ಕ ಒಂದಕ್ಕೆ ಹತ್ತು: 20 ಗ್ರಾಂ ಪುಡಿಗೆ 200 ಮಿ.ಲೀ. ದ್ರಾವಕ. ಮೊದಲ ಪ್ರಯೋಗಕ್ಕೆ ಶೇ. 70ರ ಎಥನಾಲ್ ಒಳ್ಳೆಯ ಆಯ್ಕೆ, ಏಕೆಂದರೆ ನೀರಿನಲ್ಲಿ ಕರಗುವ ಫೀನಾಲುಗಳನ್ನೂ ಮಧ್ಯಮ ಧ್ರುವೀಯತೆಯ ಆಲ್ಕಲಾಯ್ಡ್ ಮತ್ತು ಟರ್ಪೀನುಗಳನ್ನೂ ಅದು ಒಟ್ಟಿಗೆ ಎಳೆಯುತ್ತದೆ. ಮುಚ್ಚಿದ ಕೋನಿಕಲ್ ಫ್ಲಾಸ್ಕಿನಲ್ಲಿ 48 ಗಂಟೆ ನೆನೆಸಿ, ನಡುನಡುವೆ ಅಲುಗಾಡಿಸಿ, ವಾಟ್‌ಮನ್ 1ನೇ ಸಂಖ್ಯೆಯ ಕಾಗದದಲ್ಲಿ ಸೋಸಿ, ಉಳಿದ ಗಸಿಗೆ ಹೊಸ ದ್ರಾವಕ ಹಾಕಿ ಇನ್ನೊಮ್ಮೆ ನೆನೆಸಿ ಎರಡನ್ನೂ ಸೇರಿಸಬೇಕು. ರೋಟರಿ ಇವಾಪೊರೇಟರ್‌ನಲ್ಲಿ 40 ಡಿಗ್ರಿಯಲ್ಲಿ ದ್ರಾವಕವನ್ನು ಹೊರತೆಗೆದ ಬಳಿಕ ಉಳಿಯುವ ಅಂಟುಪದಾರ್ಥವೇ ಕಚ್ಚಾ ಸಾರ. 20 ಗ್ರಾಂ ಪುಡಿಯಿಂದ 2.6 ಗ್ರಾಂ ಸಾರ ಸಿಕ್ಕಿದರೆ ಇಳುವರಿ ಶೇ. 13. ಪುಡಿ ಹಾಕದ 200 ಮಿ.ಲೀ. ದ್ರಾವಕವನ್ನೂ ಇದೇ ಹಾದಿಯಲ್ಲಿ ನಡೆಸಿ, ಕೊನೆಗೆ ಉಳಿದದ್ದನ್ನು ಖಾಲಿ ಸಾರವೆಂದು ಎತ್ತಿಡಿ. ಮುಂದಿನ ಎಲ್ಲ ಪರೀಕ್ಷೆಗಳಲ್ಲೂ ಅದು ನಿಮ್ಮ ಮೊದಲ ಸಾಕ್ಷಿ.

ಸಂಯುಕ್ತಗಳನ್ನು ಧ್ರುವೀಯತೆಯ ಪ್ರಕಾರ ಬೇರ್ಪಡಿಸಬೇಕಾದರೆ ಹೆಕ್ಸೇನ್, ಈಥೈಲ್ ಅಸಿಟೇಟ್, ಮೆಥನಾಲ್, ನೀರು ಎಂಬ ಅನುಕ್ರಮದಲ್ಲಿ ಅದೇ ಪುಡಿಯಿಂದ ಸಾರ ತೆಗೆಯಬಹುದು. ಸಾಕ್ಸ್‌ಲೆಟ್ ಉಪಕರಣದಲ್ಲಿ ದ್ರಾವಕದ ಉಳಿತಾಯವಾಗುತ್ತದೆ, ಆದರೆ ಗಂಟೆಗಟ್ಟಲೆ ಕುದಿಯುವುದರಿಂದ ಬಿಸಿಗೆ ಹಾಳಾಗುವ ಘಟಕಗಳು ಹೋಗುತ್ತವೆ. ಹೆಕ್ಸೇನ್ ಬಳಸುವಾಗ ಬತ್ತಿಯ ಬೆಂಕಿ ಕೋಣೆಯಲ್ಲೇ ಇರಬಾರದು, ಮೆಥನಾಲಿನ ಆವಿ ಮೂಗಿಗೆ ಹೋಗಬಾರದು. ಇವೆಲ್ಲದರ ಜೊತೆಗೆ ಮನೆಯಲ್ಲಿ ಮಾಡುವ ಕಷಾಯವನ್ನೂ ಅದೇ ಅಳತೆಯಲ್ಲಿ ಕುದಿಸಿ ಪರೀಕ್ಷಿಸಬೇಕೆಂಬುದು ನನ್ನ ಹಟ. ಜನ ಕುಡಿಯುವುದು ಮೆಥನಾಲ್ ಸಾರವನ್ನಲ್ಲವಷ್ಟೆ.

ಬಣ್ಣದ ಪರೀಕ್ಷೆಗಳು ಮತ್ತು ಅವುಗಳ ಮೋಸ

ಆಲ್ಕಲಾಯ್ಡ್‌ಗಾಗಿ ಸಾರವನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ಸೋಸಿ, ಮೂರು ನಳಿಕೆಗಳಲ್ಲಿ ಡ್ರಾಗೆಂಡಾರ್ಫ್, ಮೇಯರ್ ಮತ್ತು ವ್ಯಾಗ್ನರ್ ದ್ರಾವಣಗಳನ್ನು ಹನಿಹನಿಯಾಗಿ ಹಾಕಬೇಕು. ಅನುಕ್ರಮವಾಗಿ ಕಿತ್ತಳೆಗೆಂಪು, ಕೆನೆ ಬಿಳಿ ಮತ್ತು ಕಂದುಗೆಂಪು ಒತ್ತರ ಬರುತ್ತದೆ. ಪ್ರೋಟೀನ್ ಇದ್ದರೂ ಒತ್ತರ ಬೀಳಬಹುದಾದ್ದರಿಂದ ಒಂದೇ ದ್ರಾವಣದ ಫಲಿತಾಂಶವನ್ನು ನೆಚ್ಚಿ ಬರೆಯಬಾರದು. ಫೀನಾಲ್ ಮತ್ತು ಟ್ಯಾನಿನ್‌ಗೆ ಶೇ. 5ರ ಫೆರಿಕ್ ಕ್ಲೋರೈಡ್ ಹಾಕಿದರೆ ಕಡುನೀಲಿ ಅಥವಾ ಕಡುಹಸಿರು ಕಾಣುತ್ತದೆ; ಟ್ಯಾನಿನ್ ಎಂದು ಖಚಿತಪಡಿಸಲು ಜಿಲೆಟಿನ್ ದ್ರಾವಣ ಹಾಕಿ ಬಿಳಿ ಒತ್ತರವನ್ನು ನೋಡಬೇಕು. ಸಪೋನಿನ್‌ಗೆ ನೀರಿನಲ್ಲಿ ಚೆನ್ನಾಗಿ ಕುಲುಕಿದಾಗ ಏಳುವ ನೊರೆ ಕಾಲು ಗಂಟೆ ನಿಲ್ಲಬೇಕು.

ಫ್ಲೇವನಾಯ್ಡ್‌ಗೆ ಶಿನೋಡಾ ಪರೀಕ್ಷೆ ಪ್ರಸಿದ್ಧ: ಮೆಗ್ನೀಸಿಯಂ ಚೂರು ಹಾಕಿ, ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಸಿದರೆ ಗುಲಾಬಿ ಅಥವಾ ಕೆಂಪು. ಆದರೆ ಇದನ್ನು ಪುನರ್ಪುಳಿ ಸಿಪ್ಪೆಯ ಸಾರಕ್ಕೆ ಮಾಡಿದವರು ಏನನ್ನು ಕಂಡರು? ಆ ಸಾರ ಆಂಥೋಸಯಾನಿನ್‌ಗಳಿಂದ ಮೊದಲೇ ಕೆಂಪು, ಆಮ್ಲ ಬಿದ್ದರೆ ಇನ್ನೂ ಕೆಂಪು. ಮೆಗ್ನೀಸಿಯಂ ಹಾಕದೆ ಆಮ್ಲ ಮಾತ್ರ ಹನಿಸಿದ ನಳಿಕೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಮೋಸ ಬಯಲಾಗುತ್ತದೆ. ಹೀಗೆಯೇ ಪ್ರತಿ ಪರೀಕ್ಷೆಗೂ ಖಚಿತವಾಗಿ ಇರುವುದೆಂದು ಗೊತ್ತಿರುವ ಒಂದು ಮಾದರಿ ಬೇಕು: ಟ್ಯಾನಿನ್‌ಗೆ ಟ್ಯಾನಿಕ್ ಆಮ್ಲ, ಫ್ಲೇವನಾಯ್ಡ್‌ಗೆ ಕ್ವೆರ್ಸೆಟಿನ್, ಆಲ್ಕಲಾಯ್ಡ್‌ಗೆ ಕ್ವಿನೈನ್. ಮಾದರಿಯೇ ಬಣ್ಣ ಕೊಡದಿದ್ದರೆ ದ್ರಾವಣ ಹಳೆಯದಾಗಿದೆ ಎಂದು ಅರ್ಥ.

ಪ್ರಮಾಣವನ್ನು ಅಳೆಯಲು ಫೋಲಿನ್–ಸಿಯೋಕಾಲ್ಟ್ಯೂ ವಿಧಾನವನ್ನು ಬಳಸಿ, ಗ್ಯಾಲಿಕ್ ಆಮ್ಲದ ಮಾಪನರೇಖೆ ಎಳೆದು, 765 ನ್ಯಾನೊಮೀಟರ್‌ನಲ್ಲಿ ಓದಿ, ಒಂದು ಗ್ರಾಂ ಸಾರದಲ್ಲಿ ಎಷ್ಟು ಮಿಲಿಗ್ರಾಂ ಗ್ಯಾಲಿಕ್ ಆಮ್ಲಕ್ಕೆ ಸಮಾನವಾದ ಫೀನಾಲ್ ಇದೆ ಎಂದು ಬರೆಯುತ್ತಾರೆ. ವಿಟಮಿನ್ ಸಿ ಮತ್ತು ಕೆಲವು ಸಕ್ಕರೆಗಳೂ ಈ ದ್ರಾವಣವನ್ನು ನೀಲಿ ಮಾಡುತ್ತವೆ. ನೆಲ್ಲಿಕಾಯಿಯಂಥ ಹಣ್ಣಿನ ಸಾರದಲ್ಲಿ ಇದು ನೆನಪಿರಲಿ.

ತೆಳುಪದರದ ಮೇಲೆ

ಬಣ್ಣದ ಪರೀಕ್ಷೆ ವರ್ಗವನ್ನು ಹೇಳಿದರೆ, ತೆಳುಪದರ ವರ್ಣಲೇಖನ, ಅಂದರೆ ಟಿಎಲ್‌ಸಿ, ಘಟಕಗಳನ್ನು ಬಿಡಿಬಿಡಿಯಾಗಿ ತೋರಿಸುತ್ತದೆ. ಸಿಲಿಕಾ ಜೆಲ್ 60 ಎಫ್ 254 ಹಾಳೆಯ ಬುಡದಿಂದ ಒಂದು ಸೆಂಟಿಮೀಟರ್ ಮೇಲೆ ಪೆನ್ಸಿಲ್ಲಿನ ಗೆರೆ ಎಳೆದು, ಸೂಜಿಯಂಥ ಕೊಳವೆಯಿಂದ ಸಣ್ಣ ಚುಕ್ಕೆಗಳನ್ನಿಟ್ಟು, ಕ್ಲೋರೋಫಾರ್ಮ್ ಮತ್ತು ಮೆಥನಾಲ್ 9:1 ಪ್ರಮಾಣದಲ್ಲಿರುವ ಮುಚ್ಚಿದ ತೊಟ್ಟಿಯಲ್ಲಿ ನಿಲ್ಲಿಸಬೇಕು. ಪೆನ್ನು ಬಳಸಿದರೆ ಶಾಯಿಯೂ ಏರುತ್ತದೆ. ದ್ರಾವಕ 7 ಸೆಂಟಿಮೀಟರ್ ಏರಿದಾಗ ಚುಕ್ಕೆ 4.2 ಸೆಂಟಿಮೀಟರ್ ಏರಿದ್ದರೆ ಅದರ ಆರ್‌ಎಫ್ ಮೌಲ್ಯ 0.60. ಹಾಳೆಯನ್ನು 254 ಮತ್ತು 366 ನ್ಯಾನೊಮೀಟರ್ ನೇರಳಾತೀತ ಬೆಳಕಿನಲ್ಲಿ ನೋಡಿ ಚುಕ್ಕೆಗಳನ್ನು ಗುರುತಿಸಿ, ಆನಂತರ ಬಣ್ಣಗೊಳಿಸುವ ದ್ರಾವಣವನ್ನು ಸಿಂಪಡಿಸಬೇಕು.

ಆರ್‌ಎಫ್ ಮೌಲ್ಯ ಕೋಣೆಯ ತೇವ ಮತ್ತು ಉಷ್ಣತೆಗೆ ತಕ್ಕಂತೆ ಬದಲಾಗುವುದರಿಂದ ಇನ್ನೊಬ್ಬರ ವರದಿಯ ಸಂಖ್ಯೆಯೊಡನೆ ಹೋಲಿಸಿ ಘಟಕದ ಹೆಸರನ್ನು ಬರೆಯಬಾರದು. ಶುದ್ಧ ಘಟಕವನ್ನು ಅದೇ ಹಾಳೆಯಲ್ಲಿ ಪಕ್ಕದಲ್ಲೇ ಓಡಿಸಬೇಕು. ಕಿರಾತಕಡ್ಡಿಗೆ ಆಂಡ್ರೋಗ್ರಾಫೊಲೈಡ್, ಪಾಲೆಯ ಕೆತ್ತೆಗೆ ಶುದ್ಧ ಮಾದರಿಯೊಂದಿಗೆ ಕಾಸರಕದ ಸಾರವನ್ನೂ ಓಡಿಸಿ. ನಳಿಕೆಯಲ್ಲಿ ಒಂದೇ ಬಣ್ಣ ಕೊಟ್ಟ ಎರಡು ಕೆತ್ತೆಗಳು ಇಲ್ಲಿ ಬೇರೆ ಬೇರೆ ಎತ್ತರದಲ್ಲಿ ಚುಕ್ಕೆಗಳನ್ನು ಇಡುತ್ತವೆ. ಕಾಸರಕವನ್ನು ಮುಟ್ಟುವಾಗ ಕೈಗವಸು ಕಡ್ಡಾಯ, ಅದರ ಪುಡಿಯನ್ನು ಬೇರೆ ಬೀಗದ ಕಪಾಟಿನಲ್ಲಿಡಬೇಕು.

ಸೂಕ್ಷ್ಮಜೀವಿಗಳ ತಟ್ಟೆ

ರೋಗಿಯ ಗಾಯದಿಂದಲೋ ಚರಂಡಿಯಿಂದಲೋ ಸಿಕ್ಕಿದ ಬ್ಯಾಕ್ಟೀರಿಯಾವನ್ನು ಬಳಸುವ ಆಸೆ ಬೇಡ. ಚಂಡೀಗಢದ ಎಂಟಿಸಿಸಿ ಸಂಗ್ರಹದಂಥ ಮಾನ್ಯ ಮೂಲದಿಂದ ತಂದ ಸ್ಟಾಫಿಲೊಕಾಕಸ್ ಆರಿಯಸ್ ಮತ್ತು ಇ. ಕೋಲಿ ತಳಿಗಳು ಸಾಕು. ಅಮೆರಿಕದ ಎಟಿಸಿಸಿ ಸಂಗ್ರಹದ 25923 ಮತ್ತು 25922 ಎಂಬ ಸಂಖ್ಯೆಯವು ಜಗತ್ತಿನಾದ್ಯಂತ ಹೋಲಿಕೆಗೆ ಬಳಕೆಯಲ್ಲಿವೆ.

ಮ್ಯೂಲರ್–ಹಿಂಟನ್ ಅಗಾರ್ ಎಂಬ ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮವನ್ನು ತಟ್ಟೆಯಲ್ಲಿ 4 ಮಿಲಿಮೀಟರ್ ದಪ್ಪಕ್ಕೆ ಸುರಿಯಬೇಕು. ತೆಳುವಾದರೆ ವಲಯ ಹಿಗ್ಗುತ್ತದೆ, ದಪ್ಪವಾದರೆ ಕುಗ್ಗುತ್ತದೆ. ಹೊಸದಾಗಿ ಬೆಳೆದ ಬ್ಯಾಕ್ಟೀರಿಯಾವನ್ನು ಉಪ್ಪುನೀರಿನಲ್ಲಿ ಕದಡಿ 0.5 ಮ್ಯಾಕ್‌ಫರ್ಲೆಂಡ್ ಎಂಬ ಮಾನಕದ ಮಂದತೆಗೆ ತಂದರೆ ಒಂದು ಮಿ.ಲೀ.ಗೆ ಸುಮಾರು 15 ಕೋಟಿ ಜೀವಕೋಶಗಳಿರುತ್ತವೆ. ಕಾಲು ಗಂಟೆಯೊಳಗೆ ಹತ್ತಿಯ ಕಡ್ಡಿಯಿಂದ ತಟ್ಟೆಯನ್ನು ಮೂರು ದಿಕ್ಕುಗಳಲ್ಲಿ ಸವರಿ, 6 ಮಿಲಿಮೀಟರ್ ಅಗಲದ ಗುಳಿಗಳನ್ನು ಕೊರೆದು, ಒಂದರಲ್ಲಿ ಸಾರ, ಇನ್ನೊಂದರಲ್ಲಿ ಸಾರವನ್ನು ಕರಗಿಸಲು ಬಳಸಿದ ಡಿಎಂಎಸ್‌ಒ (ಡೈಮೀಥೈಲ್ ಸಲ್ಫಾಕ್ಸೈಡ್) ದ್ರಾವಕ ಮಾತ್ರ, ಮೂರನೆಯದರಲ್ಲಿ ಖಾಲಿ ಸಾರವನ್ನು ಸಮಪ್ರಮಾಣದಲ್ಲಿ ಹಾಕಿ, ಜೊತೆಗೆ 10 ಮೈಕ್ರೋಗ್ರಾಂ ಜೆಂಟಾಮೈಸಿನ್ ಬಿಲ್ಲೆಯನ್ನು ಇಡಬೇಕು. 35 ಡಿಗ್ರಿಯಲ್ಲಿ 16ರಿಂದ 18 ಗಂಟೆ ಇಟ್ಟ ಮೇಲೆ ಇ. ಕೋಲಿ 25922ರ ತಟ್ಟೆಯಲ್ಲಿ ಜೆಂಟಾಮೈಸಿನ್ ವಲಯ 19ರಿಂದ 26 ಮಿಲಿಮೀಟರಿನೊಳಗೆ ಇರಬೇಕು. ಅದು ಹೊರಗೆ ಬಿದ್ದರೆ ಆ ದಿನದ ತಟ್ಟೆಗಳೆಲ್ಲ ರದ್ದು, ನಿಮ್ಮ ಸಾರದ ವಲಯ ಎಷ್ಟೇ ಚೆಂದವಾಗಿದ್ದರೂ.

ಪುನರ್ಪುಳಿಗೆ ಇಲ್ಲಿಯೂ ತನ್ನದೇ ತಂಟೆ. ಅದರ ಸಿಪ್ಪೆಯ ನೀರಿನ ಸಾರ ಬಹಳ ಹುಳಿ, ಪಿಎಚ್ ಸಾಮಾನ್ಯವಾಗಿ ಮೂರಕ್ಕಿಂತ ಕೆಳಗೆ. ಹುಳಿಯೊಂದೇ ಸಾಕು ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯಲು; ನಿಂಬೆರಸವನ್ನು ಹಾಕಿದರೂ ವಲಯ ಬಂದೀತು. ಆದ್ದರಿಂದ ಅಷ್ಟೇ ಹುಳಿಯ ಸಿಟ್ರಿಕ್ ಆಮ್ಲದ ದ್ರಾವಣವನ್ನು ಒಂದು ಗುಳಿಯಲ್ಲಿಯೂ, ಸೋಡಿಯಂ ಹೈಡ್ರಾಕ್ಸೈಡ್ ಹನಿಸಿ ಪಿಎಚ್ 7ಕ್ಕೆ ತಂದ ಅದೇ ಸಾರವನ್ನು ಮತ್ತೊಂದರಲ್ಲಿಯೂ ಹಾಕಿ ನೋಡಬೇಕು. ಮೂರೂ ಗುಳಿಗಳನ್ನು ಒಟ್ಟಿಗೆ ಓದಿದ ಮೇಲಷ್ಟೇ ಪುನರ್ಪುಳಿಯ ಬಗ್ಗೆ ಮಾತು. ಅರಸಿನದಲ್ಲಿ ಇದಕ್ಕೆ ವಿರುದ್ಧವಾದ ತೊಂದರೆ: ಕುರ್ಕುಮಿನ್ ನೀರಿನಲ್ಲಿ ಕರಗದು, ಅಗಾರಿನಲ್ಲಿ ಹರಡದು, ಹಾಗಾಗಿ ವಲಯ ಸಣ್ಣದಾದ ಮಾತ್ರಕ್ಕೆ ಶಕ್ತಿ ಕಡಿಮೆಯೆನ್ನುವಂತಿಲ್ಲ. ವಲಯದ ಅಗಲವನ್ನು ಹಿಡಿದು ಎರಡು ಗಿಡಗಳ ಬಲಾಬಲವನ್ನು ಹೋಲಿಸುವ ಕೋಷ್ಟಕಗಳನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಕನಿಷ್ಠ ಪ್ರತಿಬಂಧಕ ಸಾಂದ್ರತೆ

ಹೋಲಿಕೆ ಬೇಕಾದರೆ ಎಂಐಸಿಯನ್ನು ಕಂಡುಹಿಡಿಯಬೇಕು: ಬೆಳವಣಿಗೆಯನ್ನು ಕಣ್ಣಿಗೆ ಕಾಣದಂತೆ ತಡೆಯುವ ಅತಿ ಕಡಿಮೆ ಸಾಂದ್ರತೆ. 100 ಮಿ.ಗ್ರಾಂ ಸಾರವನ್ನು 1 ಮಿ.ಲೀ. ಡಿಎಂಎಸ್‌ಒದಲ್ಲಿ ಕರಗಿಸಿ, ಅದರಿಂದ 40 ಮೈಕ್ರೋಲೀಟರ್ ತೆಗೆದು 960 ಮೈಕ್ರೋಲೀಟರ್ ಮ್ಯೂಲರ್–ಹಿಂಟನ್ ದ್ರವಕ್ಕೆ ಸೇರಿಸಿದರೆ ಮಿ.ಲೀ.ಗೆ 4 ಮಿ.ಗ್ರಾಂ ಆಯಿತು. 96 ಗುಳಿಗಳ ತಟ್ಟೆಯಲ್ಲಿ ಸಾಲಿನ ಮೊದಲ ಗುಳಿಗೆ ಇದನ್ನು 200 ಮೈಕ್ರೋಲೀಟರ್ ಹಾಕಿ, ಎರಡರಿಂದ ಹತ್ತರವರೆಗಿನ ಗುಳಿಗಳಲ್ಲಿ 100 ಮೈಕ್ರೋಲೀಟರ್ ಬರಿಯ ದ್ರವವನ್ನು ತುಂಬಿ, ಮೊದಲನೆಯದರಿಂದ 100ನ್ನು ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ ಹೀಗೆ ಸಾಗಿಸಿ, ಹತ್ತನೆಯದರಿಂದ ತೆಗೆದ 100ನ್ನು ಚೆಲ್ಲಬೇಕು. ಮ್ಯಾಕ್‌ಫರ್ಲೆಂಡ್ ಕದಡನ್ನು 150 ಪಟ್ಟು ತೆಳುಗೊಳಿಸಿ ಪ್ರತಿ ಗುಳಿಗೆ 100 ಮೈಕ್ರೋಲೀಟರ್ ಸೇರಿಸಿದಾಗ ಜೀವಕೋಶಗಳು ಮಿ.ಲೀ.ಗೆ ಸುಮಾರು 5 ಲಕ್ಷವಾಗುತ್ತವೆ. ಸಾರದ ಸಾಂದ್ರತೆ ಮೊದಲ ಗುಳಿಯಲ್ಲಿ ಮಿ.ಲೀ.ಗೆ 2000 ಮೈಕ್ರೋಗ್ರಾಂ, ಆಮೇಲೆ 1000, 500, 250 ಎಂದು ಇಳಿಯುತ್ತಾ ಹತ್ತನೆಯದರಲ್ಲಿ ಸುಮಾರು 4. ಮೊದಲ ಗುಳಿಯಲ್ಲಿ ಡಿಎಂಎಸ್‌ಒ ಶೇ. 2 ಇರುವುದರಿಂದ, ಸಾರವಿಲ್ಲದೆ ಅಷ್ಟೇ ಡಿಎಂಎಸ್‌ಒ ಮತ್ತು ಬ್ಯಾಕ್ಟೀರಿಯಾ ಇರುವ ಗುಳಿಯೊಂದನ್ನು ಹನ್ನೊಂದನೆಯ ಜಾಗದಲ್ಲಿಡಿ. ಹನ್ನೆರಡನೆಯದು ಬರಿಯ ದ್ರವ.

ತಟ್ಟೆಯನ್ನು ಬೆಳೆಸಿದ ಮೇಲೆ ಸಾರದ ಕಡುಬಣ್ಣದಲ್ಲಿ ಮಂದತೆ ಕಾಣದಿದ್ದರೆ ಶೇ. 0.015ರ ರೆಸಜುರಿನ್ 30 ಮೈಕ್ರೋಲೀಟರ್ ಹಾಕಿ ಎರಡು ಮೂರು ಗಂಟೆ ಕಾಯಬೇಕು. ಬದುಕಿರುವ ಬ್ಯಾಕ್ಟೀರಿಯಾ ನೀಲಿಯನ್ನು ಗುಲಾಬಿ ಮಾಡುತ್ತದೆ. ಫೀನಾಲ್ ಹೆಚ್ಚಿರುವ ಸಾರ ಬ್ಯಾಕ್ಟೀರಿಯಾ ಇಲ್ಲದೆಯೂ ಬಣ್ಣ ಬದಲಿಸಬಲ್ಲದು, ಆದ್ದರಿಂದ ಸಾರ ಮತ್ತು ದ್ರವ ಮಾತ್ರ ಇರುವ ಇನ್ನೊಂದು ಸಾಲು ಬೇಕೇ ಬೇಕು. ತಡೆದದ್ದೋ ಕೊಂದದ್ದೋ ಎಂದು ತಿಳಿಯಲು, ರೆಸಜುರಿನ್ ಹಾಕುವ ಮುನ್ನವೇ ಗುಳಿಗಳಿಂದ 10 ಮೈಕ್ರೋಲೀಟರ್ ತೆಗೆದು ಹೊಸ ಅಗಾರಿನ ಮೇಲೆ ಹರಡಬೇಕು. ಆರಂಭದಲ್ಲಿ ಅಷ್ಟರಲ್ಲಿ ಸುಮಾರು 5000 ಜೀವಕೋಶಗಳಿದ್ದವು, ಐದಕ್ಕಿಂತ ಹೆಚ್ಚು ಕಾಲೊನಿಗಳು ಬಾರದಿದ್ದರೆ ಶೇ. 99.9 ಸತ್ತಂತೆ. ಕಚ್ಚಾ ಸಾರದ ಎಂಐಸಿ 100 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಉತ್ಸಾಹ ತಾಳಬಹುದು. 1000 ದಾಟಿದರೆ ಪ್ರಬಲ ಎಂಬ ಪದವನ್ನು ಬಳಸಬೇಡಿ. ಇ. ಕೋಲಿಯ ಹೊರಪೊರೆ ಅನೇಕ ಸಸ್ಯಘಟಕಗಳನ್ನು ಒಳಗೆ ಬಿಡದ ಕಾರಣ ಅದರ ಸಂಖ್ಯೆ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ, ಅದು ಪ್ರಯೋಗದ ಸೋಲಲ್ಲ.

ಘಟಕವನ್ನೂ ಪರಿಣಾಮವನ್ನೂ ಒಂದೇ ಹಾಳೆಯಲ್ಲಿ ಕಾಣುವುದು

ಸಾರದಲ್ಲಿ ಫ್ಲೇವನಾಯ್ಡ್ ಇದೆ, ಸಾರ ಬ್ಯಾಕ್ಟೀರಿಯಾವನ್ನು ತಡೆಯಿತು, ಆದ್ದರಿಂದ ತಡೆದದ್ದು ಫ್ಲೇವನಾಯ್ಡ್ ಎಂಬ ವಾಕ್ಯ ವಿದ್ಯಾರ್ಥಿಗಳ ವರದಿಗಳಲ್ಲಿ ವರ್ಷವರ್ಷವೂ ಬರುತ್ತದೆ. ಮನೆಯಲ್ಲಿ ಅಜ್ಜಿಯೂ ಇದ್ದರು, ಹಾಲೂ ಒಡೆಯಿತು ಎಂದ ಹಾಗೆ. ಇದಕ್ಕೆ ಉತ್ತರ ಬಯೋಆಟೋಗ್ರಫಿ. ಓಡಿಸಿದ ಟಿಎಲ್‌ಸಿ ಹಾಳೆಯ ದ್ರಾವಕವನ್ನು ಪೂರ್ತಿ ಆರಿಸಿ, ಅದರ ಮೇಲೆ ಬ್ಯಾಕ್ಟೀರಿಯಾ ಬೆರೆಸಿದ ತೆಳು ಅಗಾರನ್ನು ಸುರಿದು, ರಾತ್ರಿಯಿಡೀ ಬೆಳೆಸಿ, ಎಂಟಿಟಿ ಎಂಬ ಬಣ್ಣದ ದ್ರಾವಣವನ್ನು ಸಿಂಪಡಿಸಿದರೆ ಬದುಕಿರುವೆಡೆ ನೇರಳೆ ಬಣ್ಣವಾಗಿ, ತಡೆಯುವ ಚುಕ್ಕೆಯ ಸುತ್ತ ಮಾತ್ರ ತಿಳಿಬಣ್ಣ ಉಳಿಯುತ್ತದೆ. ಆ ಚುಕ್ಕೆಯ ಆರ್‌ಎಫ್ ಮೌಲ್ಯವನ್ನು ಡ್ರಾಗೆಂಡಾರ್ಫ್ ಸಿಂಪಡಿಸಿದ ಜೋಡಿಹಾಳೆಯೊಂದಿಗೆ ಹೋಲಿಸಿ. ಗಿಡದ ಹೆಸರುವಾಸಿ ಘಟಕವೇ ತಿಳಿಬಣ್ಣ ಕೊಡಬೇಕೆಂದಿಲ್ಲ, ಎಂದೂ ಗಮನಿಸದ ಸಣ್ಣ ಚುಕ್ಕೆಯೊಂದು ಕೊಡಬಹುದು. ಇಡೀ ಸಾರ ತಡೆದು ಒಂದು ಚುಕ್ಕೆಯೂ ತಡೆಯದಿದ್ದರೆ, ಒಂದಕ್ಕಿಂತ ಹೆಚ್ಚು ಘಟಕಗಳು ಸೇರಿ ಕೆಲಸ ಮಾಡಿರಬಹುದು, ಅಥವಾ ಆ ಘಟಕ ಹಾಳೆಯ ಮೇಲೆ ಕೆಟ್ಟಿರಬಹುದು; ಹಾಗೆಂದೇ ಬರೆಯಬೇಕು.

ದಾಖಲೆ ಮತ್ತು ತ್ಯಾಜ್ಯ

ಒಂದೇ ದಿನ ಮೂರು ತಟ್ಟೆ ಇಟ್ಟರೆ ಅದು ಮೂರು ಪ್ರಯೋಗವಲ್ಲ, ಒಂದೇ ಪ್ರಯೋಗದ ಮೂರು ನಕಲು. ಬೇರೆ ಬೇರೆ ದಿನ, ಹೊಸ ಬ್ಯಾಕ್ಟೀರಿಯಾ ಕದಡಿನಿಂದ ಮೂರು ಸಲ ಮಾಡಿ, ಸರಾಸರಿಯನ್ನೂ ಮಾನಕ ವಿಚಲನೆಯನ್ನೂ ಕೊಡಬೇಕು. ತಟ್ಟೆಯಲ್ಲಿ ಕೆಲಸ ಮಾಡಿದ ಸಾರ ಮೈಯೊಳಗೂ ಹಾಗೆಯೇ ಮಾಡುತ್ತದೆಂದು ಬರೆಯಲು ಈ ಯಾವ ಪರೀಕ್ಷೆಯೂ ಅಧಿಕಾರ ಕೊಡುವುದಿಲ್ಲ. ಕಾಸರಕದ ಸಾರವೂ ತಟ್ಟೆಯಲ್ಲಿ ವಲಯವನ್ನು ಕೊಟ್ಟೀತು.

ಬ್ಯಾಕ್ಟೀರಿಯಾ ಮುಟ್ಟಿದ ಎಲ್ಲವನ್ನೂ 121 ಡಿಗ್ರಿಯಲ್ಲಿ ಅರ್ಧ ಗಂಟೆ ಆಟೋಕ್ಲೇವ್ ಮಾಡಿದ ಬಳಿಕವೇ ಹೊರಹಾಕಬೇಕು. ಮೇಯರ್ ದ್ರಾವಣದಲ್ಲಿ ಪಾದರಸ ಇದೆ, ಅದನ್ನು ಸಿಂಕಿಗೆ ಸುರಿಯದೆ ಬೇರೆ ಬಾಟಲಿಯಲ್ಲಿ ಕೂಡಿಡಬೇಕು. ಹೆಕ್ಸೇನ್, ಕ್ಲೋರೋಫಾರ್ಮ್‌ಗಳಿಗೂ ಬೇರೆ ಬೇರೆ ಡಬ್ಬಗಳಿರಲಿ. ಕೊನೆಗೆ, ಪ್ರಯೋಗಕ್ಕೆ ತಯಾರಿಸಿದ, ಸಾರ ತೆಗೆಯದ ಪುಡಿಯಲ್ಲಿ ಕನಿಷ್ಠ 50 ಗ್ರಾಂನಷ್ಟನ್ನು ಹರ್ಬೇರಿಯಂ ಸಂಖ್ಯೆ ಬರೆದ ಬಾಟಲಿಯಲ್ಲಿ ಮುಚ್ಚಿ ವಿಭಾಗದ ಕಪಾಟಿನಲ್ಲಿ ಉಳಿಸಿರಿ. ವರದಿ ಒಪ್ಪಿಸಿದ ಮರುವರ್ಷ ಯಾರಾದರೂ ಬಂದು ಇದು ಪಾಲೆಯೇ ಹೌದೇ ಎಂದು ಕೇಳಿದರೆ, ಕಪಾಟು ತೆರೆದು ಒಂದು ಚಿಟಿಕೆ ಪುಡಿಯನ್ನು ಮತ್ತೆ ಟಿಎಲ್‌ಸಿ ಹಾಳೆಗೆ ಏರಿಸಿ ತೋರಿಸಬಹುದು.